ಕೇಪಿನ ಬಂದೂಕಿನ ಮೊದಲ ಗುಂಡು ಗುರಿ ತಪ್ಪುವುದೇಕೆ?

ಪ್ರಶ್ನೆ: ನಮ್ಮದು ಕಲಘಟಗಿ ತಾಲೂಕಿನ ಕಾಡಂಚಿನ ಊರು. ಬೆಳೆ ರಕ್ಷಣೆಗಾಗಿ ನಮ್ಮ ತಂದೆಯವರಿಗೆ ಕೊಟ್ಟಿದ್ದ ಲೈಸೆನ್ಸು ಈಗ ನನ್ನ ಹೆಸರಿಗೆ ಆಗಿದೆ. ಬಂದೂಕು ಒಂಟಿ ನಳಿಗೆಯದು. ಬಾಯಿಯಿಂದ ಮದ್ದು, ಗುಂಡು ತುಂಬಿ, ಹಿಂದೆ ಕೇಪು (ಬಡಿದಾಗ ಸಿಡಿದು ಮದ್ದಿಗೆ ಬೆಂಕಿ ಹತ್ತಿಸುವ ಸಣ್ಣ ಟೋಪಿ) ಇಟ್ಟು ಹಾರಿಸುವಂಥದ್ದು. ಗೋವಿನಜೋಳಕ್ಕೆ ನುಗ್ಗುವ ಹಂದಿಗಳ ವಿಷಯದಲ್ಲಿ ಅರಣ್ಯ ಇಲಾಖೆಯಿಂದ ಲಿಖಿತ ಅನುಮತಿಯನ್ನೂ ಪಡೆದಿದ್ದೇವೆ. ಹಲಗೆಗೆ ಗುರಿ ಇಟ್ಟು ಪರೀಕ್ಷಿಸಿದಾಗ ಎರಡನೆಯ ಮತ್ತು ಮೂರನೆಯ ಗುಂಡುಗಳು ಒಂದರ ಪಕ್ಕ ಒಂದು ಬೀಳುತ್ತವೆ, ಆದರೆ ಮೊದಲನೆಯದು ಮಾತ್ರ ಪ್ರತಿ ಸಲವೂ ಒಂದು ಗೇಣು ಆಚೆ ಹೋಗುತ್ತದೆ. ಕೆಲವು ಸಲ ಕೇಪು ಸಿಡಿದರೂ ಮದ್ದು ಹೊತ್ತಿಕೊಳ್ಳುವುದಿಲ್ಲ. ಬಂದೂಕಿಗೆ ಎಣ್ಣೆ ಹಚ್ಚಿ ಚೆನ್ನಾಗಿಯೇ ಇಟ್ಟಿರುತ್ತೇವೆ. ದೋಷ ಎಲ್ಲಿದೆ?

ಉತ್ತರ: ನೀವು ಹೇಳಿರುವ ಎರಡೂ ತೊಂದರೆಗಳ ಮೂಲ ಒಂದೇ ಇರುವ ಸಾಧ್ಯತೆ ಹೆಚ್ಚು, ಮತ್ತು ಅದು ನೀವು ಕಾಳಜಿಯಿಂದ ಹಚ್ಚಿದ ಆ ಎಣ್ಣೆಯೇ. ಬಂದೂಕನ್ನು ಇಡುವಾಗ ಎಣ್ಣೆ ಬೇಕೇ ಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಹಾರಿಸುವ ಮುನ್ನ ಅದನ್ನು ಪೂರ್ತಿಯಾಗಿ ತೆಗೆಯದಿದ್ದರೆ ಮೊದಲ ಗುಂಡು ಒಂದು ರೀತಿಯ ನಳಿಗೆಯಿಂದಲೂ ಮುಂದಿನ ಗುಂಡುಗಳು ಬೇರೆಯೇ ರೀತಿಯ ನಳಿಗೆಯಿಂದಲೂ ಹೊರಡುತ್ತವೆ. ಎಣ್ಣೆ ಬಳಿದ ನಳಿಗೆಯಲ್ಲಿ ಗುಂಡಿಗೆ ಸುತ್ತಿದ ಬಟ್ಟೆ ಅತಿಯಾಗಿ ಜಾರುತ್ತದೆ. ಒಂದು ಸಲ ಹಾರಿಸಿ ಮಸಿ ಹಿಡಿದ ಮೇಲೆ ಅದೇ ಬಟ್ಟೆ ಒರಟಾಗಿ, ಬಿಗಿಯಾಗಿ ಚಲಿಸುತ್ತದೆ. ಹಿಡಿತ ಬದಲಾದಂತೆ ಮದ್ದು ಉರಿಯುವಾಗಿನ ಒತ್ತಡ ಬದಲಾಗುತ್ತದೆ, ಒತ್ತಡದೊಂದಿಗೆ ವೇಗವೂ, ವೇಗದೊಂದಿಗೆ ಗುಂಡು ಬೀಳುವ ಜಾಗವೂ ಬದಲಾಗುತ್ತವೆ. ನಿಮ್ಮ ಎರಡನೆಯ, ಮೂರನೆಯ ಗುಂಡುಗಳು ಜೊತೆಯಾಗಿ ಬೀಳುತ್ತಿರುವುದರಿಂದ ಬಂದೂಕಿನಲ್ಲಾಗಲಿ ನಿಮ್ಮ ಕೈಯಲ್ಲಾಗಲಿ ದೋಷವಿರುವಂತೆ ಕಾಣುವುದಿಲ್ಲ.

ಕೇಪು ಸಿಡಿದು ಮದ್ದು ಹತ್ತದಿರುವುದಕ್ಕೂ ಇದೇ ಕಾರಣವಿರಬೇಕು. ಬಂದೂಕನ್ನು ಬಾಯಿ ಮೇಲಾಗಿ ಗೋಡೆಗೆ ಒರಗಿಸಿ ಇಟ್ಟರೆ ಒಳಗಿನ ಎಣ್ಣೆ ತಿಂಗಳುಗಟ್ಟಲೆ ನಿಧಾನವಾಗಿ ಕೆಳಗಿಳಿದು, ಮದ್ದು ಕೂರುವ ತಳದಲ್ಲಿಯೂ ಕೇಪು ಕೂರುವ, ಅದರ ಬೆಂಕಿ ಹಾದುಬರುವ ನಿಪ್ಪಲ್‌ನ ಸಣ್ಣ ರಂಧ್ರದಲ್ಲಿಯೂ ನಿಲ್ಲುತ್ತದೆ. ಆ ರಂಧ್ರವನ್ನು ಮುಚ್ಚಲು ಒಂದೇ ಹನಿ ಸಾಕು. ಆದ್ದರಿಂದ ಎಣ್ಣೆ ಹಚ್ಚಿದ ಬಂದೂಕನ್ನು ಬಾಯಿ ಕೆಳಗಾಗಿ, ಒಂದು ಹಳೆಯ ಅರಿವೆಯ ಮೇಲೆ ನಿಲ್ಲಿಸಿ ಇಡುವುದು ಒಳ್ಳೆಯದು.

ಮಸಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಬಗೆಯ ಬಂದೂಕಿನ ಗುಣಾವಗುಣಗಳೆಲ್ಲ ಅಲ್ಲಿಯೇ ಅಡಗಿವೆ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳಿಂದಾದ ಕಪ್ಪು ಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಒಂದಿಷ್ಟು ಹೊಗೆಯಾಗಿ ಹೊರಹೋದರೆ ಉಳಿದದ್ದು ನಳಿಗೆಯ ಒಳಮೈಗೆ ಅಂಟುತ್ತದೆ. ಹೀಗೆ ಅಂಟುವ ವಸ್ತುಗಳಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್ ಮುಂತಾದ ಲವಣಗಳಿರುತ್ತವೆ. ಇವುಗಳಲ್ಲಿ ಕಾರ್ಬೊನೇಟು ಗಾಳಿಯ ತೇವವನ್ನು ಬಲವಾಗಿ ಹೀರುವುದರಿಂದ ಹಾರಿಸಿದ ನಳಿಗೆ ರಾತ್ರಿ ಕಳೆಯುವುದರೊಳಗೆ ಒದ್ದೆಯಾಗಿ ತುಕ್ಕಿಗೆ ದಾರಿಯಾಗುತ್ತದೆ. ಗದಗ, ರೋಣದ ಕಡೆಯ ಒಣ ಬೇಸಿಗೆಯಲ್ಲಿ ಅದೇ ಮಸಿ ಗಟ್ಟಿ ಹೊಪ್ಪಳಿಕೆಯಾಗಿ ನಿಲ್ಲುತ್ತದೆ. ನಿಮ್ಮ ಕಲಘಟಗಿಯಲ್ಲಿ, ತೆನೆ ಬಲಿಯುವ ಹೊತ್ತಿನ ಹಸಿ ಹವೆಯಲ್ಲಿ, ಅದು ಜಿಗುಟು ಲೇಪವಾಗುತ್ತದೆ. ಇದರ ಮೇಲೆ ಯಂತ್ರಗಳಿಗೆ ಬಳಸುವ ಪೆಟ್ರೋಲಿಯಂ ಎಣ್ಣೆ ಸೇರಿತೆಂದರೆ ಡಾಂಬರಿನಂಥ ಅಂಟು ಹುಟ್ಟುತ್ತದೆ ಮತ್ತು ಮುಂದಿನ ಗುಂಡನ್ನು ತಳದವರೆಗೆ ಇಳಿಸುವುದೇ ಕಷ್ಟವಾಗುತ್ತದೆ.

ಮಸಿಯನ್ನು ಮೃದುವಾಗಿಡುವುದು ಎಂಥ ದೊಡ್ಡ ಪ್ರಶ್ನೆಯಾಗಿತ್ತು ಎಂಬುದು ಇತಿಹಾಸ ಓದಿದವರಿಗೆ ಗೊತ್ತಿದೆ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಬಂದೂಕಿನ ತೋಟೆಗಳಿಗೆ ಕೊಬ್ಬು ಸವರಿದ್ದು ಬೇರೆ ಯಾವ ಕಾರಣಕ್ಕೂ ಅಲ್ಲ. ಅದೂ ಬಾಯಿಯಿಂದ ತುಂಬುವ ಬಂದೂಕು, ಗುಂಡು ಮಸಿ ಹಿಡಿದ ನಳಿಗೆಯಲ್ಲಿ ಸಲೀಸಾಗಿ ಇಳಿಯಬೇಕಿತ್ತು. ಮರುವರ್ಷ ನಮ್ಮ ನರಗುಂದದಲ್ಲಿಯೂ ಮುಂಡರಗಿಯಲ್ಲಿಯೂ ದಂಗೆ ಎದ್ದಾಗ ಜನರ ಕೈಯಲ್ಲಿದ್ದ ಬಂದೂಕುಗಳೂ ಬಾಯಿಯಿಂದ ತುಂಬುವ ಜಾತಿಯವೇ. ಬಟ್ಟೆಗೆ ಸವರಲು ಇಂದಿಗೂ ಪೆಟ್ರೋಲಿಯಂ ಎಣ್ಣೆಗಿಂತ ಜೇನುಮೇಣದೊಂದಿಗೆ ಔಡಲ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಉಪ್ಪಿಲ್ಲದ ಕೊಬ್ಬನ್ನೋ ಬೆರೆಸಿದ ಮಿಶ್ರಣವೇ ಮೇಲು.

ಇನ್ನು ಸಿದ್ಧತೆಯ ಮಾತು. ಅನುಭವಿಗಳಲ್ಲಿ ಎರಡು ಅಭಿಪ್ರಾಯಗಳಿವೆ. ಮೊದಲೇ ಒಂದು ಸಲ ಹಾರಿಸಿ ನಳಿಗೆಗೆ ಮಸಿ ಹಿಡಿಸಿಕೊಂಡು, ಆಮೇಲೆ ಬಾರು ಮಾಡಿ (ಮದ್ದು, ಗುಂಡು ತುಂಬಿ) ಕಾಯಬೇಕು ಎನ್ನುವವರು ಕೆಲವರು. ನಳಿಗೆಯನ್ನು ಒಂದು ಚೂರೂ ಎಣ್ಣೆ ಇಲ್ಲದಂತೆ ಒರೆಸಿ ಒಣಗಿಸಿ ಬಾರು ಮಾಡಬೇಕು ಎನ್ನುವವರು ಉಳಿದವರು. ಒಣ ಹವೆಯ ನಾಡಿನಲ್ಲಿ, ಒಂದೆರಡು ತಾಸಿನೊಳಗೆ ಕೆಲಸ ಮುಗಿಯುವುದಾದರೆ, ಮೊದಲನೆಯ ಪದ್ಧತಿಯೂ ನಡೆದೀತು. ನಿಮ್ಮ ಸೀಮೆಗೆ ನಾನು ಅದನ್ನು ಖಂಡಿತ ಹೇಳಲಾರೆ. ರಾತ್ರಿಯ ತೇವದಲ್ಲಿ ಮಸಿ ನೀರು ಹೀರಿ ಮದ್ದಿಗೂ ತಗಲುತ್ತದೆ. ಪ್ರತಿ ತಾಸಿಗೂ ಅದರ ಸ್ಥಿತಿ ಬದಲಾಗುವುದರಿಂದ ಗುಂಡು ಎಲ್ಲಿ ಬಿದ್ದೀತೆಂಬ ಭರವಸೆ ಉಳಿಯುವುದಿಲ್ಲ. ಹೊಲದ ಅಂಚಿನಲ್ಲಿ ಸುಮ್ಮನೆ ಒಂದು ಗುಂಡು ಹಾರಿಸಿದರೆ ಹಂದಿಯೂ ಓಡುತ್ತದೆ, ಊರವರೂ ಗಾಬರಿಯಾಗುತ್ತಾರೆ, ಲೈಸೆನ್ಸಿನ ಮಿತಿಯಲ್ಲಿ ಸಿಕ್ಕ ಮದ್ದೂ ವ್ಯರ್ಥವಾಗುತ್ತದೆ. ಎಣ್ಣೆ ತೆಗೆದ, ಒಣಗಿದ, ತಣ್ಣನೆಯ ನಳಿಗೆ ಮಾತ್ರ ಇಂದಿಗೂ ನಾಳೆಗೂ ಒಂದೇ ತೆರನಾಗಿರುತ್ತದೆ.

ಕೆಲಸ ಶುರು ಮಾಡುವ ಮುನ್ನ ಬಂದೂಕು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ಮದ್ದು ಜಡಿಯುವ ಗಜದ ಮೇಲೆ ಗುರುತು ಹಾಕಿಕೊಳ್ಳುವುದೇ ನಂಬಬಹುದಾದ ಉಪಾಯ: ಖಾಲಿ ನಳಿಗೆಯ ತಳ ಮುಟ್ಟಿದಾಗ ಬಾಯಿಯ ಮಟ್ಟದಲ್ಲಿ ಒಂದು ಗೆರೆ, ನಿಮ್ಮ ಎಂದಿನ ಅಳತೆಯ ಮದ್ದು ಮತ್ತು ಗುಂಡು ಸರಿಯಾಗಿ ಕೂತಾಗ ಇನ್ನೊಂದು ಗೆರೆ. ಈ ಎರಡು ಗೆರೆಗಳಿಲ್ಲದ ಗಜವನ್ನು ಯಾರೂ ಬಳಸಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಖಾಲಿ ಎಂದು ತಿಳಿದ ಮೇಲೆ ಹತ್ತಿ ಬಟ್ಟೆಯ ತುಂಡುಗಳನ್ನು ಒಂದಾದ ಮೇಲೊಂದು ತಳದವರೆಗೆ ಇಳಿಸಿ ಎಣ್ಣೆಯನ್ನು ಒರೆಸಿರಿ. ಆಮೇಲೆ ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ತುಂಡನ್ನು ಆಡಿಸಿ, ಮತ್ತೆ ಒಣ ತುಂಡುಗಳಿಂದ ಒರೆಸಿರಿ. ಹೊರಬಂದ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದಾಗ ಜಿಡ್ಡಿನ ಸುಳಿವೂ ಇರಬಾರದು. ತಳದಲ್ಲಿ ಮದ್ದು ಕೂರುವ ಭಾಗ ಕೆಲವು ಬಂದೂಕುಗಳಲ್ಲಿ ನಳಿಗೆಗಿಂತ ಕಿರಿದಾಗಿರುವುದರಿಂದ ಅಗಲವಾದ ತುಂಡು ಅಲ್ಲಿಗೆ ಮುಟ್ಟುವುದಿಲ್ಲ. ತೆಳುವಾದ ತುಂಡನ್ನು ಸಣ್ಣ ಕಡ್ಡಿಗೆ ಸುತ್ತಿ ಆ ಜಾಗವನ್ನೂ ಒರೆಸಬೇಕು. ನಿಪ್ಪಲನ್ನು ಬಿಚ್ಚಿ ಅದರ ರಂಧ್ರದಲ್ಲಿ ತೆಳುವಾದ ತಂತಿ ಆಡಿಸಿರಿ. ಸ್ಪಿರಿಟ್ಟು ಬೆಂಕಿಗೆ ಹತ್ತುವ ವಸ್ತುವಾದುದರಿಂದ ಅದು ಪೂರ್ತಿ ಆರುವವರೆಗೆ ಕಾಯಲೇಬೇಕು, ಬೀಡಿ, ದೀಪ ಹತ್ತಿರ ಇರಲೇಬಾರದು.

ಇಷ್ಟಾದ ಮೇಲೆ, ಮದ್ದು ಹಾಕುವ ಮುನ್ನ, ಖಾಲಿ ಬಂದೂಕಿನ ಮೇಲೆ ಒಂದೆರಡು ಕೇಪು ಸಿಡಿಸಬೇಕು. ನಳಿಗೆಯ ಬಾಯನ್ನು ನೆಲದ ಕಡೆಗೆ, ಒಂದು ಹುಲ್ಲಿನ ಎಸಳಿಗೆ ಸಮೀಪ ಹಿಡಿದು ಸಿಡಿಸಿದಾಗ ಎಸಳು ಅಲುಗಿದರೆ ದಾರಿ ತೆರೆದಿದೆ ಎಂದರ್ಥ. ಇನ್ನೂ ನಿಖರವಾದ ಪರೀಕ್ಷೆ ಬೇಕಿದ್ದರೆ ಒಣ ಬಟ್ಟೆಯ ತುಂಡನ್ನು ಗಜದಿಂದ ತಳದವರೆಗೆ ಇಳಿಸಿ, ಗಜವನ್ನು ಹೊರತೆಗೆದು, ಕೇಪು ಸಿಡಿಸಿ, ಮತ್ತೆ ಆ ತುಂಡನ್ನು ಹೊರಗೆ ಎಳೆದು ನೋಡಿರಿ; ಅದರ ಮೇಲೆ ಸುಟ್ಟ ಕಪ್ಪು ಚುಕ್ಕೆ ಮೂಡಿದ್ದರೆ ಬೆಂಕಿ ಮದ್ದಿನ ಜಾಗಕ್ಕೆ ತಲುಪುತ್ತಿದೆ. ಬಳಿಕ ಇನ್ನೊಂದು ಒಣ ತುಂಡಿನಿಂದ ಕೇಪಿನ ಮಸಿಯನ್ನು ಒರೆಸಿ, ಒಳಗೆ ಯಾವ ಕಿಡಿಯೂ ಉಳಿಯದಂತೆ ಕೆಲವು ನಿಮಿಷ ಬಿಟ್ಟು ಬಾರು ಮಾಡಿರಿ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು.

ಬಾರು ಮಾಡುವಾಗ ಮದ್ದನ್ನು ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವ ರೂಢಿ ನಮ್ಮ ಕಡೆ ಇದೆ, ಇದು ಅಪಾಯಕಾರಿ. ನಳಿಗೆಯಲ್ಲಿ ಕಿಡಿ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತದೆ. ಮದ್ದನ್ನು ಮೊದಲು ಅಳತೆಯ ಕೊಳವೆಗೆ ಹಾಕಿ, ಅದರಿಂದ ನಳಿಗೆಗೆ ಸುರಿಯಬೇಕು. ಅಳತೆ ಪ್ರತಿ ಸಲವೂ ಒಂದೇ ಆಗಿರುವುದರಿಂದ ಗುರಿಗೂ ಇದು ಒಳ್ಳೆಯದು. ಮದ್ದು ಲೈಸೆನ್ಸು ಇರುವ ಅಂಗಡಿಯದೇ ಆಗಿರಬೇಕು. ಮನೆಯಲ್ಲಿ ಬೆರೆಸಿದ್ದನ್ನಾಗಲಿ, ಈಗಿನ ತೋಟಾಗಳ ಹೊಗೆರಹಿತ ಮದ್ದನ್ನಾಗಲಿ ಈ ನಳಿಗೆಗೆ ಹಾಕಿದರೆ ನಳಿಗೆ ಒಡೆಯುತ್ತದೆ. ಗುಂಡಿಗೆ ಸುತ್ತುವ ಬಟ್ಟೆ ಬಿಗಿ ನೇಯ್ಗೆಯ ಶುದ್ಧ ಹತ್ತಿಯದಾಗಿರಲಿ, ಗಂಜಿ ಹೋಗುವಂತೆ ಒಗೆದದ್ದಾಗಿರಲಿ. ಟೆರಿಕಾಟು ಕರಗಿ ನಳಿಗೆಗೆ ಅಂಟುತ್ತದೆ. ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂತು ಗಜದ ಎರಡನೆಯ ಗೆರೆ ಬಾಯಿಯ ಮಟ್ಟಕ್ಕೆ ಬರಲೇಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಹೀಗೆ ಕೈ ಕಳೆದುಕೊಳ್ಳುವ ಸಂಭವವಿದೆ ಎಂಬುದನ್ನು ಮರೆಯದಿರಿ. ಕೇಪನ್ನು ಮಾತ್ರ ಹೊಲದಲ್ಲಿ ನಿಮ್ಮ ಜಾಗ ಸೇರಿದ ಮೇಲೆಯೇ ಇಡಬೇಕು.

ಈಗ ಮುಖ್ಯವಾದ ಪರೀಕ್ಷೆ. ಹಲಗೆಗೆ ಸಾಲಾಗಿ ಗುಂಡು ಹೊಡೆದು ಅವುಗಳ ನಡುಬಿಂದುವನ್ನು ನೋಡಿ ಗುರಿ ಹೊಂದಿಸುವುದನ್ನು ಬಿಟ್ಟುಬಿಡಿ. ಹೊಲದಲ್ಲಿ ನಿಮಗೆ ಸಿಗುವುದು ಒಂದೇ ಗುಂಡು. ಮತ್ತೆ ತುಂಬುವಷ್ಟರಲ್ಲಿ ಹಂದಿ ಸೀಮೆ ದಾಟಿರುತ್ತದೆ. ಆದ್ದರಿಂದ ಗುರಿ ಹೊಂದಿಸಬೇಕಾದದ್ದೂ ಆ ಒಂದೇ ಗುಂಡಿಗೆ. ಅನುಮತಿ ಇರುವ, ಹಿಂದೆ ಎತ್ತರದ ಮಣ್ಣಿನ ಒಡ್ಡು ಇರುವ ಜಾಗದಲ್ಲಿ ಒಂದು ಕಾಗದ ಕಟ್ಟಿ, ಮೇಲೆ ಹೇಳಿದ ಸಿದ್ಧತೆಯನ್ನೆಲ್ಲ ಮಾಡಿ, ಒಂದು ಗುಂಡನ್ನು ಮಾತ್ರ ಹಾರಿಸಿ, ತೂತಿನ ಪಕ್ಕದಲ್ಲಿ ದಿನಾಂಕ ಬರೆದು ಕಾಗದವನ್ನು ಮನೆಗೆ ತನ್ನಿರಿ. ಬಂದೂಕನ್ನು ತೊಳೆದು ಎಣ್ಣೆ ಹಚ್ಚಿ ಇಡಿರಿ. ಇನ್ನೊಂದು ದಿನ ಅದೇ ಕಾಗದವನ್ನು ಅದೇ ದೂರದಲ್ಲಿ ಕಟ್ಟಿ ಮತ್ತೆ ಒಂದೇ ಗುಂಡು ಹಾರಿಸಿರಿ. ಹೀಗೆ ಬೇರೆ ಬೇರೆ ದಿನಗಳ ಮೊದಲ ಗುಂಡುಗಳೇ ಒಂದು ಕಾಗದದ ಮೇಲೆ ಕೂಡಿದಾಗ ನಿಮ್ಮ ಬಂದೂಕಿನ ನಿಜವಾದ ಗುರಿ ಕಾಣುತ್ತದೆ. ಅವೆಲ್ಲ ಒಂದೆಡೆ ಗುಂಪಾಗಿದ್ದು, ಆ ಗುಂಪು ಪಕ್ಕಕ್ಕೆ ಸರಿದಿದ್ದರೆ ನಳಿಗೆಯ ತುದಿಯ ಗುರಿಮಣಿಯನ್ನು ಸರಿಪಡಿಸಿದರಾಯಿತು. ಅವು ಚೆದುರಿದ್ದರೆ ಒರೆಸುವುದರಲ್ಲೋ ಮದ್ದಿನ ಅಳತೆಯಲ್ಲೋ ಬಟ್ಟೆಯ ದಪ್ಪದಲ್ಲೋ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ವ್ಯತ್ಯಾಸವಾಗುತ್ತಿದೆ ಎಂದು ತಿಳಿಯಬೇಕು. ಅಂಗೈ ಅಗಲದ ಜಾಗದಲ್ಲಿ ಈ ಮೊದಲ ಗುಂಡುಗಳು ಎಷ್ಟು ದೂರದವರೆಗೆ ಬೀಳುತ್ತವೆಯೋ ಅಷ್ಟೇ ನಿಮ್ಮ ದೂರ. ಒಳಗೆ ಸುರುಳಿ ಗೀರುಗಳಿಲ್ಲದ ನುಣುಪು ನಳಿಗೆಗೆ ಅದು 40-50 ಮೀಟರಿಗಿಂತ ಹೆಚ್ಚಾಗುವುದು ಅಪರೂಪ, ಮತ್ತು ರಾತ್ರಿಯಲ್ಲಿ ಅದಕ್ಕಿಂತಲೂ ಕಡಿಮೆಯೇ. ಗಾಯಗೊಂಡ ಹಂದಿ ಗೋವಿನಜೋಳದೊಳಗೆ ಹೊಕ್ಕರೆ ಅದು ನರಳಿ ಸಾಯುವುದು ಒಂದು ಸಂಕಟ. ಮರುದಿನ ತೆನೆ ಮುರಿಯಲು ಬರುವ ಹೆಣ್ಣುಮಕ್ಕಳ ಮೇಲೆ ಅದು ಎರಗುವುದು ಇನ್ನೊಂದು. ನಳಿಗೆಯ ಸಿದ್ಧತೆಗೆ ನಾನು ಇಷ್ಟು ಒತ್ತು ಕೊಡುವುದು ಈ ಕಾರಣಕ್ಕಾಗಿಯೇ.

ಪ್ರಶ್ನೆ: ನಾನು ಧಾರವಾಡದವನು, ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿಯ ಸ್ನೇಹಿತರೊಂದಿಗೆ ಚಳಿಗಾಲದ ಜಿಂಕೆ ಬೇಟೆಗೆ ಪರವಾನಗಿ ಪಡೆದಿದ್ದೇನೆ. ಕೇಪಿಲ್ಲದ, ಚಕಮಕಿ ಕಲ್ಲಿನ ಬಂದೂಕನ್ನೇ ಬಳಸಬೇಕೆಂಬ ನಿಯಮವಿದೆ. ಹಿಮದಲ್ಲಿ ಮೊದಲ ಗುಂಡು ಹೊತ್ತಿಕೊಳ್ಳುವುದೇ ಅನುಮಾನ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ರಾಜ್ಯದಲ್ಲಿ ಚಕಮಕಿ ಬಂದೂಕಿನ ಪ್ರತ್ಯೇಕ ಋತು 1974ರಲ್ಲಿ ಆರಂಭವಾಯಿತು, ಕ್ರಿಸ್‌ಮಸ್ ಮುಗಿದ ಮೇಲೆ ಬರುವ ಆ ಋತುವಿನಲ್ಲಿ ಹಳೆಯ ಕಾಲದ ಕೌಶಲವೇ ಬೇಕು. ನಳಿಗೆಯ ವಿಷಯದಲ್ಲಿ ಕಲಘಟಗಿಯ ಓದುಗರಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯಿಸುತ್ತದೆ, ಕೇಪಿನ ಪರೀಕ್ಷೆಯನ್ನು ಬಿಟ್ಟು. ನಿಮ್ಮ ಬಂದೂಕಿನಲ್ಲಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ, ನಳಿಗೆಯ ಹೊರಗಿನ ಪುಟ್ಟ ಬಟ್ಟಲಿನ ಮದ್ದು ಹೊತ್ತಿ, ಅದರ ಜ್ವಾಲೆ ನಳಿಗೆಯ ಪಕ್ಕದ ಕಿರುರಂಧ್ರದಿಂದ ಒಳಹೋಗಬೇಕು. ಆದುದರಿಂದ ಕಲ್ಲನ್ನೂ ಅದು ಬಡಿಯುವ ಉಕ್ಕಿನ ಮುಖವನ್ನೂ ಬಟ್ಟಲನ್ನೂ ಸ್ಪಿರಿಟ್ಟಿನಿಂದ ಒರೆಸಿ ಜಿಡ್ಡು ತೆಗೆಯಿರಿ. ಬೆರಳಿನ ಜಿಡ್ಡೂ ಕಿಡಿಯನ್ನು ಕುಂದಿಸುತ್ತದೆ. ಕಿರುರಂಧ್ರದಲ್ಲಿ ಮದ್ದು ಗಿಡಿದು ತುಂಬಿರಬಾರದು, ತಂತಿಯಿಂದ ಬಿಡಿಸಿ ತೆರವಾಗಿಡಿ. ರಂಧ್ರ ತುಂಬಿದ್ದರೆ ಬೆಂಕಿ ಬತ್ತಿಯ ಹಾಗೆ ನಿಧಾನವಾಗಿ ಒಳಗೆ ಹೋಗಿ, ಗುಂಡು ಹೊರಡುವಷ್ಟರಲ್ಲಿ ನಿಮ್ಮ ಗುರಿ ಕದಲಿರುತ್ತದೆ. ಬಟ್ಟಲಿನ ಮದ್ದು ಆ ರಂಧ್ರದ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರಲಿ, ಹಿಮ ಬೀಳುವಾಗ ಆಗಾಗ ಅದನ್ನು ಚೆಲ್ಲಿ ಹೊಸದನ್ನು ಹಾಕಿರಿ.

ತಣ್ಣಗಾದ ಬಂದೂಕನ್ನು ಬೆಚ್ಚಗಿನ ಮನೆಯೊಳಗೆ ತಂದರೆ ಗಾಳಿಯ ತೇವ ಅದರ ಮೇಲೆಯೂ ಒಳಗೂ ಹನಿಗಟ್ಟುತ್ತದೆ, ಮತ್ತೆ ಹೊರಗೆ ಒಯ್ದಾಗ ಆ ಹನಿಗಳೇ ಮದ್ದನ್ನು ಕೆಡಿಸುತ್ತವೆ. ಋತುವಿನ ದಿನಗಳಲ್ಲಿ, ಖಾಲಿ ಮಾಡಿದ ಬಂದೂಕನ್ನು, ಕಾಯಿಸದ ಆದರೆ ಬೀಗ ಹಾಕಿದ ಕೋಣೆಯಲ್ಲಿ ಇಡುವುದು ಸರಿಯಾದ ಕ್ರಮ. ಅಲ್ಲಿಯ ನಿಯಮಪುಸ್ತಕವನ್ನು ಪ್ರತಿ ವರ್ಷ ಹೊಸದಾಗಿ ಓದಿಕೊಳ್ಳಿರಿ.

ಪ್ರಶ್ನೆ: ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನ ಊರಿನವರು ನಾವು. ನಮ್ಮಲ್ಲಿ ಲೈಸೆನ್ಸು ಇರುವ ಕೇಪಿನ ಬಂದೂಕು ಇದೆ. ಹಬ್ಬದ ಬೇಟೆಗೆ ಅದನ್ನು ಸಿದ್ಧಮಾಡುವುದು ಹೇಗೆ?

ಉತ್ತರ: ಅದಕ್ಕೆ ಸಿದ್ಧಮಾಡಬೇಡಿರಿ. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ 9ನೆಯ ಕಲಮು ಬೇಟೆಯನ್ನು ನಿಷೇಧಿಸಿದೆ, ಹಬ್ಬದ ಹೆಸರಿನಲ್ಲಿ ಅದಕ್ಕೆ ವಿನಾಯಿತಿ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯು ಬಾಯಿಯಿಂದ ತುಂಬುವ ಬಂದೂಕಿಗೆ ಬೆಳೆ ರಕ್ಷಣೆಯ ನಿಜವಾದ ಉದ್ದೇಶಕ್ಕಾಗಿ ಲೈಸೆನ್ಸು ಕೊಡಲು ಅವಕಾಶ ಮಾಡಿದೆ. ಆ ಲೈಸೆನ್ಸು ಬಂದೂಕು ಇಟ್ಟುಕೊಳ್ಳುವುದಕ್ಕೇ ಹೊರತು ಪ್ರಾಣಿ ಕೊಲ್ಲುವುದಕ್ಕೆ ಅನುಮತಿಯಲ್ಲ. ನಿಂತ ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿ 11ನೆಯ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಆದೇಶ ಕೊಡಬಹುದು. ಕಲಘಟಗಿಯ ಓದುಗರು ಮೊದಲೇ ಅಂಥ ಅನುಮತಿ ಪಡೆದಿದ್ದರಿಂದಲೇ ಅವರಿಗೆ ವಿವರವಾಗಿ ಉತ್ತರಿಸಿದೆ. ನಿಮ್ಮ ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿ ಧಾಮ. ಅದರೊಳಗೆ ಬಂದೂಕು ಹಿಡಿದು ಕಾಲಿಡುವುದೇ ಅಪರಾಧವಾದೀತು.

ಪ್ರಶ್ನೆ: ಹಾನಗಲ್ ತಾಲೂಕಿನಿಂದ ಬರೆಯುತ್ತಿದ್ದೇನೆ. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ವಾಪಸು ಬಂದ ಮೇಲೆ ಅದನ್ನು ಹೇಗೆ ಬಳಕೆಗೆ ತರಬೇಕು?

ಉತ್ತರ: ಕೆಲಸ ಇರುವುದು ಕೊಡುವ ಮುನ್ನವೇ. ಹಾರಿಸಿದ ಬಂದೂಕನ್ನು ತೊಳೆಯದೆ ಠೇವಣಿ ಇಟ್ಟರೆ ಮರಳಿ ಬರುವಷ್ಟರಲ್ಲಿ ಒಳಮೈ ತುಕ್ಕು ತಿಂದು ಗುಳಿ ಬಿದ್ದಿರುತ್ತದೆ, ಆಮೇಲೆ ಯಾವ ಸಿದ್ಧತೆಯಿಂದಲೂ ಹಳೆಯ ಗುರಿ ಮರಳುವುದಿಲ್ಲ. ಮಸಿ ಲವಣವಾದುದರಿಂದ ಅದನ್ನು ಕರಗಿಸಲು ನೀರೇ ಬೇಕು. ಪಾತ್ರೆ ತೊಳೆಯುವ ಸಾಬೂನು ಹಾಕಿದ ಬಿಸಿನೀರಿನಿಂದ ತೊಳೆದು, ಬರಿ ನೀರಿನಿಂದ ಜಾಲಿಸಿ, ಕೂಡಲೇ ಒಣ ಬಟ್ಟೆಗಳಿಂದ ಒರೆಸಿರಿ. ನೀರು ಕುದಿಯುವಷ್ಟು ಬಿಸಿಯಾಗಿದ್ದರೆ ಒಣಗುವಾಗಲೇ ತೆಳು ತುಕ್ಕು ಕಟ್ಟುವುದುಂಟು, ಆದ್ದರಿಂದ ಕೈ ತಾಳುವಷ್ಟು ಬಿಸಿ ಸಾಕು. ಆಮೇಲೆ ಒಳಗೂ ಹೊರಗೂ ತುಕ್ಕುನಿರೋಧಕ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಒಪ್ಪಿಸಿರಿ, ಪಾವತಿಯನ್ನು ಜೋಪಾನವಾಗಿಡಿರಿ.

ಮರಳಿ ಬಂದ ದಿನ ಮೊದಲು ಗಜವನ್ನು ಇಳಿಸಿ ಖಾಲಿ ಗೆರೆಯನ್ನು ನೋಡಿರಿ, ನೀವು ಖಾಲಿಯಾಗಿಯೇ ಕೊಟ್ಟಿದ್ದರೂ ಸಹ. ಎಣ್ಣೆಯನ್ನು ಒರೆಸಿದ ಬಟ್ಟೆ ಕಂದುಬಣ್ಣಕ್ಕೆ ಬಂದರೆ ತುಕ್ಕು ಹಿಡಿದಿದೆ; ನಳಿಗೆಯ ಅಳತೆಗೆ ಸರಿಹೊಂದುವ ಹಿತ್ತಾಳೆ ಕುಂಚದಿಂದ ಎಣ್ಣೆಯೊಂದಿಗೆ ಉಜ್ಜಿ ತೆಗೆಯಬಹುದು, ಮರಳು ಕಾಗದವನ್ನು ಮಾತ್ರ ಒಳಗೆ ಹಾಕಬಾರದು. ಗುಳಿ ಬಿದ್ದದ್ದು ಕಂಡರೆ, ಅಥವಾ ಗಜ ಇಳಿಸುವಾಗ ಒಂದು ಜಾಗದಲ್ಲಿ ಸಡಿಲಾಗಿ ಹೋದಂತೆ ಅನಿಸಿದರೆ, ಹಾರಿಸದೆ ಲೈಸೆನ್ಸು ಇರುವ ಬಂದೂಕು ದುರಸ್ತಿಗಾರರಿಗೆ ತೋರಿಸಿರಿ. ನಳಿಗೆ ಸರಿಯಾಗಿದ್ದರೂ ಹಿಂದಿನ ವರ್ಷದ ಗುರಿಯನ್ನು ನಂಬಿ ನೇರವಾಗಿ ಹೊಲಕ್ಕೆ ಹೋಗದೆ, ಒಂದು ಹೊಸ ಕಾಗದ ಕಟ್ಟಿ, ಎಣ್ಣೆ ತೆಗೆದ ತಣ್ಣನೆಯ ನಳಿಗೆಯಿಂದ ದಿನಕ್ಕೊಂದರಂತೆ ಗುಂಡು ಹಾರಿಸಿ ನೋಡುವ ಪರೀಕ್ಷೆಯನ್ನು ಮೊದಲಿನಿಂದ ಮಾಡಿಕೊಳ್ಳಿರಿ.